ಬಾಲ ಕಳೆದುಕೊಂಡ ಹುಬ್ಬು

ಹುಬ್ಬಿನ ವಿಷಯದಲ್ಲಿ ದೇವರು ನಮ್ಮ ಮನೆಯಲ್ಲಿ ಪಕ್ಷಪಾತ ಮಾಡಿದ್ದಾನೆ. ಅರವತ್ತು ದಾಟಿದ ನಮ್ಮ ಯಜಮಾನರ ಹುಬ್ಬು ವರ್ಷದಿಂದ ವರ್ಷಕ್ಕೆ ದಟ್ಟವಾಗುತ್ತಿದೆ. ಕಟಿಂಗ್ ಶಾಪಿನವನು ಹೇಳಿಸಿಕೊಳ್ಳದೆಯೇ ಹುಬ್ಬಿನ ಮೇಲೊಮ್ಮೆ ಕತ್ತರಿ ಆಡಿಸಿ, ಕಿವಿಯ ಕೂದಲನ್ನೂ ಸವರಿ ಕಳಿಸುತ್ತಾನೆ. ನನ್ನ ಹುಬ್ಬು ಮಾತ್ರ ಎರಡೂ ಕಡೆಯಿಂದ ಸದ್ದಿಲ್ಲದೆ ಖಾಲಿಯಾಗುತ್ತಾ ಬಂತು. ವಯಸ್ಸಾದಂತೆ ಗಂಡಸರಿಗೆ ಹುಬ್ಬು, ಮೂಗು, ಕಿವಿಗಳ ಕೂದಲು ಉದ್ದವಾಗುವುದು, ಮುಟ್ಟು ನಿಂತ ಮೇಲೆ ಹೆಂಗಸರ ಹುಬ್ಬು ತೆಳುವಾಗುವುದು ಎರಡೂ ಲೋಕಾರೂಢಿಯೇ. ಆದರೂ ಊಟಕ್ಕೆ ಎದುರುಬದುರು ಕೂತಾಗ ಹೊಟ್ಟೆ ಉರಿಯದೆ ಇರುವುದಿಲ್ಲ.

ಇದು ಶುರುವಾದದ್ದು ಯಾವಾಗ ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಅದಕ್ಕೆ ಕಾರಣ ಚಾಳೀಸು. ಹುಬ್ಬು ಉದುರುವ ವಯಸ್ಸೂ ಹತ್ತಿರದ್ದು ಕಾಣದಾಗುವ ವಯಸ್ಸೂ ಹೆಚ್ಚುಕಮ್ಮಿ ಒಂದೇ. ಕನ್ನಡಕ ಹಾಕಿಕೊಂಡು ಕನ್ನಡಿ ನೋಡಿದರೆ ಫ್ರೇಮಿನ ಮೇಲಂಚು ಹುಬ್ಬಿನ ಜಾಗದಲ್ಲೇ ಕೂತು ಎಲ್ಲವನ್ನೂ ಮುಚ್ಚಿರುತ್ತದೆ. ತೆಗೆದರೆ ಮುಖವೇ ಮಸುಕು. ಕೊನೆಗೆ ಗುಟ್ಟು ರಟ್ಟಾದದ್ದು ಪಾಸ್‌ಪೋರ್ಟ್ ನವೀಕರಣಕ್ಕೆ ಕನ್ನಡಕ ತೆಗೆದು ತೆಗೆಸಿಕೊಂಡ ಫೋಟೊದಲ್ಲಿ. ಪುಣೆಯಲ್ಲಿರುವ ಮಗಳು ಅದನ್ನು ನೋಡಿ, “ಅಮ್ಮಾ, ಆವತ್ತು ಜ್ವರ ಇತ್ತಾ?” ಅಂದಳು. ಜ್ವರವೂ ಇರಲಿಲ್ಲ, ನೆಗಡಿಯೂ ಇರಲಿಲ್ಲ. ಹಣೆ ಎಲ್ಲಿ ಮುಗಿದು ಕಣ್ಣು ಎಲ್ಲಿ ಶುರು ಎಂದು ತಿಳಿಯದ ಹಾಗಿತ್ತು ಆ ಮುಖ. ಹುಬ್ಬಿನ ಹೊರಗಿನ ಮೂರನೇ ಒಂದು ಭಾಗ, ನಾವು ಬಾಲ ಅನ್ನುತ್ತೇವಲ್ಲ, ಅದು ಎರಡೂ ಕಡೆ ಇರಲೇ ಇಲ್ಲ.

ಹುಬ್ಬಿನ ಬೆಲೆ ಹುಬ್ಬು ಹೋದ ಮೇಲೇ ಗೊತ್ತಾಗುವುದು. ಬೆವರು, ಮಳೆನೀರು ಕಣ್ಣಿಗೆ ಇಳಿಯದ ಹಾಗೆ ಅದು ಪಕ್ಕಕ್ಕೆ ತಿರುಗಿಸುತ್ತದೆ ಎಂದು ಮಕ್ಕಳ ಪಾಠಪುಸ್ತಕವೂ ಹೇಳುತ್ತದೆ. ಅದಕ್ಕಿಂತ ದೊಡ್ಡ ಕೆಲಸ ಗುರುತಿನದು. ಎಂಐಟಿಯ ಪವನ್ ಸಿನ್ಹಾ ಮತ್ತು ಸಂಗಡಿಗರು ಹೆಸರಾಂತ ವ್ಯಕ್ತಿಗಳ ಫೋಟೊಗಳಲ್ಲಿ ಒಮ್ಮೆ ಕಣ್ಣು ಅಳಿಸಿ, ಒಮ್ಮೆ ಹುಬ್ಬು ಅಳಿಸಿ ಜನರಿಗೆ ತೋರಿಸಿದ್ದರು. ಕಣ್ಣಿಲ್ಲದ ಮುಖಕ್ಕಿಂತ ಹುಬ್ಬಿಲ್ಲದ ಮುಖವನ್ನು ಗುರುತಿಸಲು ಜನ ಹೆಚ್ಚು ತಡಬಡಾಯಿಸಿದರು. 2003ರಲ್ಲಿ ಪ್ರಕಟವಾದ ಈ ಪ್ರಯೋಗದ ವಿಷಯ ಓದಿದಾಗ ಮಗಳ ಪ್ರಶ್ನೆಯ ಮೇಲಿನ ಸಿಟ್ಟು ಅರ್ಧ ಇಳಿಯಿತು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನಮ್ಮ ಕಸುಬಿನಲ್ಲಿ ಬಾಯಿಗಿಂತ ಹುಬ್ಬಿಗೆ ಹೆಚ್ಚು ಕೆಲಸ. ಚಿಕ್ಕಂದಿನಲ್ಲಿ ಒಂದಷ್ಟು ಕಾಲ ಭರತನಾಟ್ಯ ಕಲಿತಿದ್ದೆ. ಭರತನ ನಾಟ್ಯಶಾಸ್ತ್ರ ಹುಬ್ಬಿಗೇ ಏಳು ಚಲನೆ ಹೇಳುತ್ತದೆ: ಉತ್ಕ್ಷೇಪ, ಪಾತನ, ಭ್ರುಕುಟಿ, ಚತುರ, ಕುಂಚಿತ, ರೇಚಿತ, ಸಹಜ. ನೃತ್ಯ ಅರ್ಧಕ್ಕೇ ನಿಂತರೂ ಒಂದೇ ಹುಬ್ಬು ಎತ್ತುವ ವಿದ್ಯೆ ಮಾತ್ರ ಕೈಬಿಡಲಿಲ್ಲ. ತರಗತಿಯಲ್ಲಿ ಅದೊಂದಿದ್ದರೆ ಬೆತ್ತ ಬೇಡ. ಈಚೆಗೆ ನಾನು ಎತ್ತಿದರೂ ಕೊನೇ ಬೆಂಚಿನವರು ಮಾತು ನಿಲ್ಲಿಸುತ್ತಿರಲಿಲ್ಲ. ಮಕ್ಕಳು ಕೆಟ್ಟರು ಅಂದುಕೊಂಡಿದ್ದೆ. ಫೋಟೊ ನೋಡಿದ ಮೇಲೆ ತಿಳಿಯಿತು, ಸ್ನಾಯು ಎತ್ತುತ್ತಿದೆ, ಆದರೆ ಅಷ್ಟು ದೂರಕ್ಕೆ ಕಾಣಲು ಅಲ್ಲಿ ಕೂದಲೇ ಇಲ್ಲ.

ಹುಬ್ಬು ತೆಳುವಾಗಿದೆ ಎಂದು ಬಾಯಿಬಿಟ್ಟು ಹೇಳಿದ್ದೇ ತಡ, ಔಷಧ ಹೇಳುವವರಿಗೆ ಬರವಿರಲಿಲ್ಲ. ಎಲ್ಲರ ಬಾಯಲ್ಲೂ ಮೊದಲು ಬಂದದ್ದು ಹರಳೆಣ್ಣೆ. ನಮ್ಮ ಕಡೆ ಹಸುಗೂಸಿಗೆ ಎಣ್ಣೆನೀರು ಹಾಕಿದ ಮೇಲೆ ಹರಳೆಣ್ಣೆ ದೀಪದ ಕಾಡಿಗೆಯಲ್ಲಿ ಹುಬ್ಬು ತಿದ್ದುವುದು ಹಳೇ ರೂಢಿ, ಆ ನಂಬಿಕೆ ರಕ್ತದಲ್ಲೇ ಇದೆ. ರಾತ್ರಿ ಮಲಗುವಾಗ ಹಚ್ಚಿದೆ. ದಿಂಬಿನ ಕವರು ಜಿಡ್ಡಾಯಿತು, ಹುಬ್ಬು ಬೆಳಗಿನ ಹೊತ್ತು ತುಸು ಕಪ್ಪಾಗಿ, ಒತ್ತಾಗಿ ಕಾಣಿಸಿತು. ಮುಖ ತೊಳೆದರೆ ಮತ್ತೆ ಅಷ್ಟೇ. ಇದ್ದ ಕೂದಲಿಗೆ ಎಣ್ಣೆ ಮೆತ್ತಿ ಹೊಳಪು ಬರುತ್ತದೆ; ಇಲ್ಲದ ಕೂದಲನ್ನು ಅದು ಹುಟ್ಟಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ ಎಂದು ಆಮೇಲೆ ಡಾಕ್ಟರೂ ಹೇಳಿದರು. ಈರುಳ್ಳಿ ರಸ ಹಚ್ಚು ಎಂದವರಿಗೆ ದೂರದಿಂದಲೇ ಕೈ ಮುಗಿದೆ. ಕಣ್ಣಿನ ಮೇಲೆ ಈರುಳ್ಳಿ ಹಿಂಡಿಕೊಳ್ಳುವಷ್ಟು ಹುಬ್ಬಿನ ಆಸೆ ನನಗಿಲ್ಲ.

ಚರ್ಮದ ಡಾಕ್ಟರ ಹತ್ತಿರ ಹೋಗಲು ಮೊದಲು ಸಂಕೋಚವಾಯಿತು. ಇಷ್ಟಕ್ಕೆಲ್ಲ ಡಾಕ್ಟರಾ ಎಂದು ಅವರೇ ನಗುತ್ತಾರೇನೋ ಅನಿಸಿತ್ತು. ಆ ಹೆಣ್ಣುಮಗಳು ನಗಲಿಲ್ಲ. ಹುಬ್ಬು ನೋಡುವ ಮೊದಲು ಪ್ರಶ್ನೆ ಕೇಳಿದರು. ಹುಬ್ಬಿನ ಜಾಗದಲ್ಲಿ ತುರಿಕೆ ಇದೆಯಾ, ಹೊಟ್ಟು ಉದುರುತ್ತದಾ, ಮಲಬದ್ಧತೆ ಇದೆಯಾ, ಬೇರೆಯವರಿಗೆ ಸೆಕೆಯಾದಾಗಲೂ ನಿಮಗೆ ಚಳಿಯಾಗುತ್ತದಾ, ಹೊಸ ಮಾತ್ರೆ ಏನಾದರೂ ಶುರುವಾಗಿದೆಯಾ, ಥ್ರೆಡಿಂಗ್ ಎಷ್ಟು ವರ್ಷದಿಂದ. ಹುಬ್ಬಿಗೂ ಮಲಬದ್ಧತೆಗೂ ಏನಮ್ಮಾ ಸಂಬಂಧ ಎಂದು ಕೇಳಬೇಕೆನಿಸಿತು. ಆಮೇಲೆ ಬೆಳಕಿರುವ ಪುಟ್ಟ ಭೂತಗನ್ನಡಿ ಹಿಡಿದು ಹುಬ್ಬು, ಹಣೆಯ ಮೇಲಿನ ಕೂದಲಿನ ಅಂಚು, ಕಿವಿಯ ಮುಂದಿನ ಕೆನ್ನೆಗೂದಲು ಎಲ್ಲ ನೋಡಿದರು. ಕೊನೆಗೆ ಹತ್ತಿಯ ಎಳೆಯಲ್ಲಿ ಹಣೆ, ಕೆನ್ನೆ ಮುಟ್ಟಿ, “ಮುಟ್ಟಿದ್ದು ಗೊತ್ತಾಗ್ತಿದೆಯಾ ಮೇಡಂ?” ಅಂದರು.

ಆ ಹತ್ತಿ ಏಕೆಂದು ನನಗೆ ತಕ್ಷಣ ಹೊಳೆಯಿತು, ಮೈ ಜುಂ ಅಂದಿತು. ನಮ್ಮಜ್ಜಿಯ ಊರಿನಲ್ಲಿ ಹುಬ್ಬು ಉದುರಿತು ಅಂದರೆ ಜನ ಪಿಸುಗುಡುತ್ತಿದ್ದದ್ದು ಒಂದೇ ಮಾತು: ದೊಡ್ಡ ರೋಗ. ಹೆಸರು ಹೇಳುತ್ತಿರಲಿಲ್ಲ. ಊರ ಹೊರಗೆ ಬೇರೆ ಗುಡಿಸಲಲ್ಲಿ ಇರಿಸಿದ್ದ ಒಬ್ಬ ಹೆಂಗಸಿನ ವಿಷಯ ಅಜ್ಜಿ ಹೇಳುವಾಗ ಮೊದಲು ಹೇಳುತ್ತಿದ್ದದ್ದೂ ಅವಳ ಹುಬ್ಬಿನ ಮಾತೇ. ಕುಷ್ಠದಲ್ಲಿ ಹುಬ್ಬು ಹೊರತುದಿಯಿಂದ ಉದುರುವುದು ನಿಜ, ಚರ್ಮದ ಮೇಲಿನ ಮಚ್ಚೆಗೆ ಸ್ಪರ್ಶ ತಿಳಿಯದಿರುವುದೂ ನಿಜ. ಆದರೆ ಹಲವು ಔಷಧಗಳ ಚಿಕಿತ್ಸೆ 1980ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದ ಮೇಲೆ ಅದು ಆರು ತಿಂಗಳು ಅಥವಾ ಒಂದು ವರ್ಷ ಮಾತ್ರೆ ನುಂಗಿದರೆ ವಾಸಿಯಾಗುವ ರೋಗ, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ. ಹತ್ತು ಸಾವಿರ ಜನಕ್ಕೆ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂಬ ಮಟ್ಟವನ್ನು ಭಾರತ 2005ರ ಕೊನೆಯಲ್ಲೇ ಮುಟ್ಟಿತು. ಹಾಗೆಂದು ರೋಗ ಪೂರ್ತಿ ಹೋಗಿಲ್ಲ. ಅದಕ್ಕೇ ನಮ್ಮ ಡಾಕ್ಟರುಗಳು ಈಗಲೂ ಹತ್ತಿ ಹಿಡಿಯುತ್ತಾರೆ. ನನಗೆ ಎಲ್ಲ ಕಡೆಯೂ ಸ್ಪರ್ಶ ತಿಳಿಯಿತು. ಅಜ್ಜಿಯ ಕಾಲದಲ್ಲಿ ಬರೀ ವಯಸ್ಸಿಗೆ, ಬರೀ ಥೈರಾಯ್ಡಿಗೆ ಹುಬ್ಬು ಕಳೆದುಕೊಂಡ ಎಷ್ಟು ಹೆಂಗಸರು ಈ ಪಿಸುಮಾತಿಗೆ ಸಿಕ್ಕಿ ಸೊರಗಿದರೋ.

ರಕ್ತಪರೀಕ್ಷೆಗೆ ಬರೆದುಕೊಟ್ಟರು: ಟಿಎಸ್‌ಎಚ್, ಹಿಮೋಗ್ಲೋಬಿನ್, ಫೆರಿಟಿನ್. ಟಿಎಸ್‌ಎಚ್ ಏರಿತ್ತು. ಅಂದರೆ ಥೈರಾಯ್ಡ್ ಗ್ರಂಥಿ ಮಂದವಾಗಿದೆ. ಹುಬ್ಬಿನ ಬಾಲ ಹೋಗುವುದು ಅದರ ಹಳೆಯ ಗುರುತುಗಳಲ್ಲಿ ಒಂದು. ಸುಸ್ತು, ಮೈಭಾರ, ಮಲಬದ್ಧತೆ ಎಲ್ಲವನ್ನೂ ನಾನು ವಯಸ್ಸಿನ ಲೆಕ್ಕಕ್ಕೆ ಬರೆದು ಕೂತಿದ್ದೆ. ಹುಬ್ಬು ಉದುರದೆ ಹೋಗಿದ್ದರೆ ಇನ್ನೂ ಹಾಗೇ ಕೂತಿರುತ್ತಿದ್ದೆ. ಥೈರಾಕ್ಸಿನ್ ಮಾತ್ರೆ ಶುರುವಾಯಿತು. ಅದನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು, ಮುಕ್ಕಾಲು ಗಂಟೆ, ಒಂದು ಗಂಟೆ ಏನೂ ತಿನ್ನಬಾರದು, ಕಾಫಿಯಂತೂ ಬೇಡವೇ ಬೇಡ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುವುದಿದ್ದರೆ ನಾಲ್ಕು ಗಂಟೆ ಅಂತರ. ಎದ್ದ ತಕ್ಷಣ ಡಿಕಾಕ್ಷನ್ ಇಳಿಸುವ ಮೈಸೂರಿನವಳಿಗೆ ಇದು ಸಣ್ಣ ಶಿಕ್ಷೆಯಲ್ಲ. ಈಗ ಮಾತ್ರೆಗೆಂದೇ ಐದೂವರೆಗೆ ಎದ್ದು, ನುಂಗಿ, ಮತ್ತೆ ಹೊದ್ದು ಮಲಗುತ್ತೇನೆ.

ಹುಬ್ಬು ಯಾವಾಗ ಬರುತ್ತೆ ಎಂದು ಕೇಳಿದ್ದಕ್ಕೆ ಡಾಕ್ಟರು ಕೊಟ್ಟ ಉತ್ತರ ನನಗೆ ಇಷ್ಟವಾಯಿತು. ತಲೆಗೂದಲು ಒಮ್ಮೆ ಹುಟ್ಟಿದರೆ ಎರಡರಿಂದ ಆರು ವರ್ಷ ಬೆಳೆಯುತ್ತಲೇ ಇರುತ್ತದೆ. ಹುಬ್ಬಿನ ಕೂದಲು ಬೆಳೆಯುವುದು ಕೆಲವು ವಾರ, ಹೆಚ್ಚೆಂದರೆ ಒಂದೆರಡು ತಿಂಗಳು. ಆಮೇಲೆ ಬಹಳ ಕಾಲ ಸುಮ್ಮನೆ ಕೂತಿದ್ದು ಉದುರುತ್ತದೆ. ಅದಕ್ಕೇ ಹುಬ್ಬು ಜಡೆ ಹಾಕುವಷ್ಟು ಉದ್ದವಾಗುವುದಿಲ್ಲ. ಅದಕ್ಕೇ ಉದುರಿದ್ದು ಮರಳಲು ತಿಂಗಳುಗಟ್ಟಲೆ ಬೇಕು. “ದಿನಾ ಕನ್ನಡಿ ನೋಡಬೇಡಿ, ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ ಒಂದು ಫೋಟೊ ತೆಗೆದಿಡಿ” ಅಂದರು. ಮಿನಾಕ್ಸಿಡಿಲ್ ಹಚ್ಚುವುದೂ ಒಂದು ದಾರಿ, ಆದರೆ ಅದನ್ನು ಹುಬ್ಬಿಗೆಂದು ಒಪ್ಪಿ ಕೊಟ್ಟದ್ದಲ್ಲ, ಕಣ್ಣಿಗೆ ಇಳಿದರೆ ಉರಿ, ಹಣೆಯಲ್ಲಿ ಬೇಡದ ಕಡೆ ಕೂದಲು ಬರಬಹುದು, ಬಿಟ್ಟರೆ ಬಂದದ್ದು ಹೋಗುತ್ತದೆ ಎಂದೂ ಹೇಳಿದರು. ನಾನು ಬೇಡ ಅಂದೆ.

ಮಾತ್ರೆಯಿಂದ ಒಳಬದಿಯ ಕೂದಲು ಒತ್ತಾಯಿತು, ಬಾಲದಲ್ಲಿ ಅಲ್ಲೊಂದು ಇಲ್ಲೊಂದು ಚಿಗುರಿತು. ಪೂರ್ತಿ ಬರಲಿಲ್ಲ, ಬರುವುದೂ ಇಲ್ಲ. ಒಂದು ಪಾಲು ವಯಸ್ಸಿನದು, ಇನ್ನೊಂದು ಪಾಲು ದಾರದ್ದು. ನಮ್ಮ ಹರೆಯದಲ್ಲಿ ಹುಬ್ಬು ಕಡ್ಡಿಯಷ್ಟು ತೆಳ್ಳಗಿರುವುದೇ ಫ್ಯಾಷನ್ನು, ತಿಂಗಳು ತಪ್ಪದೆ ಪಾರ್ಲರಿಗೆ ಹೋಗಿ ದಾರ ಹಾಕಿಸುತ್ತಿದ್ದೆವು. ಬೇರು ಮತ್ತೆ ಮತ್ತೆ ಕಿತ್ತರೆ ಕೆಲವು ಕೂದಲು ಮುನಿಸಿಕೊಂಡು ಬರುವುದೇ ನಿಲ್ಲಿಸುತ್ತವೆ. ಈಗ ಪಾರ್ಲರಿನ ಹುಡುಗಿಗೂ ನನಗೂ ಒಂದು ಚೌಕಾಸಿ ನಡೆಯುತ್ತದೆ. ಅವಳು ದಾರದ ತುದಿ ಹಲ್ಲಲ್ಲಿ ಕಚ್ಚಿಕೊಂಡೇ, “ಆಂಟಿ, ಮೇಲೆ ಒಂಚೂರು ಶೇಪ್ ಮಾಡ್ಬಿಡ್ತೀನಿ” ಅನ್ನುತ್ತಾಳೆ. ನಾನು, “ಮೇಲಿನದು ಮುಟ್ಟಬೇಡ ಮರಿ, ರೆಪ್ಪೆಯ ಹತ್ತಿರ ಚೆಲ್ಲಾಪಿಲ್ಲಿ ಇರೋದಷ್ಟೇ ತೆಗಿ” ಅನ್ನುತ್ತೇನೆ. ಪೂರ್ತಿ ದುಡ್ಡು ಕೊಟ್ಟು ಅರ್ಧ ಕೆಲಸ ಮಾಡಿಸಿಕೊಂಡು ಬರುವ ಗಿರಾಕಿ ಅವಳಿಗೆ ನಾನೊಬ್ಬಳೇ ಇರಬೇಕು.

ನಮ್ಮ ಸ್ಕೂಲಿನವರೊಬ್ಬರು ಮಗಳ ಮದುವೆಗೆ ಮುಂಚೆ ಮೈಕ್ರೊಬ್ಲೇಡಿಂಗ್ ಮಾಡಿಸಿಕೊಂಡರು. ಸಣ್ಣ ಸೂಜಿಗಳ ಅಲಗಿನಿಂದ ಚರ್ಮ ಗೀರಿ, ಬಣ್ಣ ತುಂಬಿ, ಒಂದೊಂದೇ ಕೂದಲು ಬರೆಯುವ ಹಚ್ಚೆ ಅದು. ಮದುವೆಯ ದಿನ ಬಲು ಚೆನ್ನಾಗಿತ್ತು. ಒಂದೆರಡು ವರ್ಷಕ್ಕೆ ಮಾಸುತ್ತದೆ, ಮಾಸುವಾಗ ಬಣ್ಣ ಕೆಂಪಿಗೋ ಬೂದಿಗೋ ತಿರುಗುವುದುಂಟು. ಅವರದು ಕೆಂಪಿಗೆ ತಿರುಗಿತು. ಗಾಯ ಉಬ್ಬಿಕೊಳ್ಳುವ ಮೈಯವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಸಕ್ಕರೆ ಹತೋಟಿಯಲ್ಲಿಲ್ಲದವರು ಡಾಕ್ಟರನ್ನು ಕೇಳದೆ ಆ ಕುರ್ಚಿಯಲ್ಲಿ ಕೂರಬಾರದು. ನನಗೆ ಒಲ್ಲೆ ಅನಿಸಿದ್ದು ಬೇರೆ ಕಾರಣಕ್ಕೆ: ಹಣೆಯ ಚರ್ಮ ವರ್ಷಗಳು ಕಳೆದಂತೆ ಜಾರುತ್ತದೆ, ಬರೆದ ಹುಬ್ಬೂ ಅದರ ಜೊತೆ ಜಾರುತ್ತದೆ. ಪೆನ್ಸಿಲ್ಲಾದರೆ ರಾತ್ರಿ ಒರೆಸಿ, ಬೆಳಗ್ಗೆ ಹೊಸ ಜಾಗದಲ್ಲಿ ಬರೆಯಬಹುದು.

ಪೆನ್ಸಿಲ್ಲಿನ ವಿದ್ಯೆ ನಾನು ನಿಧಾನಕ್ಕೆ ಕಲಿತದ್ದು. ನಮ್ಮ ಕೂದಲು ಕಪ್ಪು ಎಂದು ಕಪ್ಪು ಪೆನ್ಸಿಲ್ ತಂದರೆ ಯಕ್ಷಗಾನದ ಚೌಕಿಯಿಂದ ಎದ್ದು ಬಂದ ವೇಷದಂತೆ ಕಾಣುತ್ತೇವೆ. ಗಾಢ ಕಂದು ಬೇಕು, ತಲೆ ನರೆತಿದ್ದರೆ ಬೂದು ಬೆರೆತ ಕಂದು. ಕಣ್ಣಿಗೆ ಹಾಕುವ ಕಾಡಿಗೆ ಕಡ್ಡಿ ಇಲ್ಲಿಗೆ ಆಗದು, ಬೆವರಿಗೆ ಕರಗಿ ಕಪೋಲಕ್ಕೆ ಇಳಿಯುತ್ತದೆ. ಪೆನ್ಸಿಲ್ಲನ್ನು ಮೂಗಿನ ಹೊಳ್ಳೆಯಿಂದ ಕಣ್ಣಿನ ಹೊರತುದಿಗೆ ತಾಗಿಸಿ ಓರೆಯಾಗಿ ಹಿಡಿದರೆ ಅದು ಹಣೆಯಲ್ಲಿ ಎಲ್ಲಿ ಮುಟ್ಟುತ್ತದೋ ಅಲ್ಲಿಗೆ ಬಾಲ ಮುಗಿಯಬೇಕು. ಬಾಲದ ತುದಿ ಹುಬ್ಬಿನ ಬುಡಕ್ಕಿಂತ ಕೆಳಗೆ ಇಳಿದರೆ ಮುಖ ಅಳುಮುಂಜಿ. ಒಂದೇ ಗೆರೆ ಎಳೆಯುವುದಲ್ಲ. ಒಳಗಡೆ ಮೇಲ್ಮುಖವಾಗಿ, ಹೊರಗೆ ಹೋದಂತೆ ಓರೆಯಾಗಿ, ಚಿಕ್ಕ ಚಿಕ್ಕ ಗೀಟು. ಮೊದಲು ಒಂದಿಷ್ಟು ಪುಡಿ ಒತ್ತಿ ಆಮೇಲೆ ಪೆನ್ಸಿಲ್ ಆಡಿಸಿದರೆ ಏಪ್ರಿಲ್ ಬಿಸಿಲಿಗೂ ನಿಲ್ಲುತ್ತದೆ.

ಬೊಟ್ಟಿಡುವವರಿಗೆ ಇನ್ನೊಂದು ತೊಡಕು ಇದೆ, ಅದನ್ನು ಯಾವ ಪಾರ್ಲರಿನವರೂ ಹೇಳುವುದಿಲ್ಲ. ಎರಡು ಹುಬ್ಬಿನ ಒಳತುದಿ ಸಮ ಇಲ್ಲದಿದ್ದರೆ ನಟ್ಟನಡುವೆ ಇಟ್ಟ ಬೊಟ್ಟೂ ಸೊಟ್ಟಗೆ ಕಾಣುತ್ತದೆ. ಹುಬ್ಬು ಬರೆದ ಮೇಲೆ ಬೊಟ್ಟಿಡಬೇಕು, ಮೊದಲಲ್ಲ. ಕಾಣದ ಕಣ್ಣಿಗೆ ಹಿಗ್ಗಿಸಿ ತೋರಿಸುವ ಕನ್ನಡಿಯೊಂದನ್ನು ಕಿಟಕಿಯ ಹತ್ತಿರ ನೇತುಹಾಕಿದ್ದೇನೆ. ಅದರಲ್ಲಿ ಬರೆದು, ಆಮೇಲೆ ದೊಡ್ಡ ಕನ್ನಡಿಯಲ್ಲಿ ದೂರ ನಿಂತು ನೋಡಲೇಬೇಕು. ಹಿಗ್ಗಿಸುವ ಕನ್ನಡಿಯನ್ನು ನಂಬಿದರೆ ಕೈ ಜಾಸ್ತಿಯಾಗುತ್ತದೆ. ಕನ್ನಡಕ ಬದಲಿಸುವಾಗ ಮೇಲಂಚು ಗಾಢ ಬಣ್ಣದ್ದಿರುವ ಫ್ರೇಮ್ ಆರಿಸಿದೆ. ಮನೆಯಲ್ಲಿ, ಮಾರ್ಕೆಟ್ಟಿಗೆ ಹೋಗುವಾಗ ಅಷ್ಟೇ ಸಾಕು, ಪೆನ್ಸಿಲ್ ಮುಟ್ಟುವುದಿಲ್ಲ.

ಕಳೆದ ಮದುವೆ ಸೀಸನ್ನಿನಲ್ಲಿ ಛತ್ರದ ಹೆಣ್ಣಿನ ಕಡೆಯವರ ಕೋಣೆಯಲ್ಲಿ ನಾನು ಹುಬ್ಬು ಬರೆದುಕೊಳ್ಳುವುದನ್ನು ಓರಗಿತ್ತಿ ನೋಡಿದಳು. “ಅಕ್ಕಾ, ನಂಗೂ ಒಂಚೂರು” ಅಂದಳು. ಅವಳ ಹಿಂದೆ ಸೋದರತ್ತೆ ಮಗಳು, ಅವಳ ಹಿಂದೆ ಬೀಗಿತ್ತಿ. ಎಲ್ಲರೂ ಕನ್ನಡಕ ಕೈಯಲ್ಲಿ ಹಿಡಿದು ಮುಖ ಮುಂದೊಡ್ಡಿ ನಿಂತರು. ಸೋದರತ್ತೆ ಮಗಳಿಗೆ ಬರೆಯುವಾಗ ಕೈ ನಿಂತಿತು. ಹುಬ್ಬಷ್ಟೇ ಅಲ್ಲ, ಹಣೆಯ ಮೇಲಿನ ಕೂದಲಿನ ಅಂಚೂ ಹಿಂದೆ ಸರಿದಿತ್ತು, ಅಲ್ಲಿನ ಚರ್ಮ ನುಣ್ಣಗೆ ಬಿಳಿಚಿಕೊಂಡಿತ್ತು. ಡಾಕ್ಟರು ನನ್ನ ಹಣೆಯಂಚು, ಕೆನ್ನೆಗೂದಲು ಹುಡುಕಿ ನೋಡಿದ್ದು ಇದಕ್ಕೇ. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ, ಕೂದಲಿನ ಬುಡವನ್ನೇ ಕಲೆಗಟ್ಟಿಸಿ ಮುಚ್ಚುವ ಒಂದು ಕಾಯಿಲೆ ಇದೆ. ಆಸ್ಟ್ರೇಲಿಯಾದ ವೈದ್ಯ ಕೊಸಾರ್ಡ್ ಅದನ್ನು ಮೊದಲು ವಿವರಿಸಿದ್ದು 1994ರಲ್ಲಿ. ಅದರಲ್ಲಿ ಹುಬ್ಬು ಎಷ್ಟೋ ಸಲ ಮೊದಲೇ ಹೋಗುತ್ತದೆ. ಹೋದದ್ದು ಬರುವುದಿಲ್ಲ, ಬೇಗ ಡಾಕ್ಟರ ಹತ್ತಿರ ಹೋದರೆ ಇದ್ದದ್ದನ್ನು ಉಳಿಸಿಕೊಳ್ಳಲು ಔಷಧವಿದೆ.

“ಇದು ಅದೇ ಅಂತ ನಾನು ಹೇಳಲಾರೆ ಕಣೇ, ಆದರೆ ಸೋಮವಾರವೇ ಚರ್ಮದ ಡಾಕ್ಟರಿಗೆ ತೋರಿಸು” ಅಂದೆ.

“ಆಯ್ತು ಅಕ್ಕ, ತೋರಿಸ್ತೀನಿ. ಈಗ ಆ ಕಡೆ ಬಾಲ ಬರಿ, ಧಾರೆಗೆ ಹೊತ್ತಾಯ್ತು” ಅಂದಳು ಅವಳು.