ಕಿವಿಯಿಂದ ಓದುವವರಿಗೂ ಜಾಲತಾಣ

ಕಣ್ಣು ಕಾಣದವರು ಜಾಲತಾಣವನ್ನು ಕಿವಿಯಿಂದ ಓದುತ್ತಾರೆ. ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ತಂತ್ರಾಂಶ ಅಕ್ಷರಗಳನ್ನು ದನಿಯಾಗಿಸುತ್ತದೆ. ಕನ್ನಡ ಪುಟ ಕಟ್ಟುವವರು ಮೊದಲು ಗಮನಿಸಬೇಕಾದದ್ದು ಯುನಿಕೋಡ್. ಹಳೆಯ ಆಸ್ಕಿ ಫಾಂಟಿನ ಬರಹ ಕಣ್ಣಿಗೆ ಕನ್ನಡವಾಗಿಯೇ ಕಂಡರೂ ತಂತ್ರಾಂಶಕ್ಕೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಏರಿಸುವುದು ಇನ್ನೂ ಕೆಟ್ಟದ್ದು. ಅರ್ಜಿಯ ಕೊನೆಯ ದಿನಾಂಕ ಆ ಚಿತ್ರದೊಳಗೇ ಉಳಿದರೆ ಒಬ್ಬರ ಅವಕಾಶವೇ ತಪ್ಪಿಹೋಗುತ್ತದೆ. ಬರಹವನ್ನು ಬರಹವಾಗಿಯೇ ಹಾಕಬೇಕು, ಚಿತ್ರಗಳಿಗೆ ಪುಟ್ಟ ವಿವರಣೆ ಜೋಡಿಸಬೇಕು, ಪುಟದ ಭಾಷೆ ಕನ್ನಡವೆಂದು ಕೋಡ್‌ನಲ್ಲಿ ನಮೂದಿಸಬೇಕು. ಮಂದದೃಷ್ಟಿಯವರಿಗಾಗಿ ಜಾಲತಾಣಗಳು ಎಲ್ಲರಿಗೂ ಬಳಸಲಾಗುವಂತಿರಬೇಕೆನ್ನುವ ಡಬ್ಲ್ಯುಸಿಎಜಿ ಮಾರ್ಗಸೂಚಿಯು ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ ಕೇಳುತ್ತದೆ. ಮೌಸ್ ಬದಿಗಿಟ್ಟು ಕೀಬೋರ್ಡ್‌ನಿಂದಷ್ಟೇ ಅರ್ಜಿ ತುಂಬಿ ನೋಡಿದರೆ ಉಳಿದ ಎಷ್ಟೋ ತೊಡಕುಗಳು ಬೇಗನೆ ಎದುರಾಗುತ್ತವೆ.