ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಮತ್ತು ವೇಳೆಯ ಲೆಕ್ಕ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ವಾಯುದೂರ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ ಅಲ್ಲಿಂದ ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವ, ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರೇ! ದಾರಿ ಉತ್ತರ ಧ್ರುವದ ಮೇಲೆ. ನಕಾಶೆಯಲ್ಲಿ ಅದು ಸುತ್ತುದಾರಿ ಅನಿಸುತ್ತದೆ. ಗೋಳದ ಮೇಲೆ ದಾರ ಹಿಡಿದು ಅಳೆದು ನೋಡಿ, ಅದೇ ಹತ್ತಿರ.

ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದಾಗ ಅಭ್ಯರ್ಥಿಗಳು ಎಡವುವುದು ವೇಳೆಯ ಲೆಕ್ಕದಲ್ಲಿ. ಆ ಮೊದಲ ವಿಮಾನದ ವೇಳಾಪಟ್ಟಿಯಂತೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಡುವುದು ಜನವರಿ 9ರ ರಾತ್ರಿ 8:30ಕ್ಕೆ, ಬೆಂಗಳೂರು ತಲುಪುವುದು 11ರ ಬೆಳಗಿನ ಜಾವ 3:45ಕ್ಕೆ, ಎರಡೂ ಆಯಾ ಊರಿನ ಸಮಯ. ನೇರವಾಗಿ ಎಣಿಸಿದರೆ 31 ಗಂಟೆ 15 ನಿಮಿಷ. ಚಳಿಗಾಲದಲ್ಲಿ ಭಾರತ 13 ಗಂಟೆ 30 ನಿಮಿಷ ಮುಂದೆ, ಅದನ್ನು ಕಳೆಯಿರಿ. ಹಾರಾಟ 17 ಗಂಟೆ 45 ನಿಮಿಷ. ಬೇಸಿಗೆಯಲ್ಲಿ ಅಮೆರಿಕ ಗಡಿಯಾರ ಮುಂದಿಡುವುದರಿಂದ ಅಂತರ 12 ಗಂಟೆ 30 ನಿಮಿಷ. ಪ್ರಶ್ನೆಯಲ್ಲಿ ತಿಂಗಳು ಮೊದಲು ನೋಡಿ.