ಸಗಟು ಪೇಟೆಯ ಪ್ರಾಂಗಣವೂ ರೈತರ ಹಿತವೂ

ಬೆಳೆಯನ್ನು ಚೆನ್ನಾಗಿ ಬೆಳೆಯುವುದು ವ್ಯವಸಾಯದ ಅರ್ಧ ಕೆಲಸ ಮಾತ್ರ. ಬೆಳೆದುದನ್ನು ತಕ್ಕ ಧಾರಣೆಗೆ ಮಾರುವುದು ಉಳಿದರ್ಧ. ಸ್ವರ್ಣಾ ನದಿಯ ದಡದ ಕೆಮ್ಮಣ್ಣು ಮತ್ತು ನೆರೆಯ ಕುದ್ರುಗಳಲ್ಲಿ ತೆಂಗು, ಭತ್ತ, ತರಕಾರಿಗಳನ್ನು ಬೆಳೆಯುವವರು ಮೊದಲನೆಯದರಲ್ಲಿ ನಿಪುಣರು. ಎರಡನೆಯದರಲ್ಲಿ ಅವರಿಗೆ ನೆರವಾಗುವುದಕ್ಕಾಗಿಯೇ ಕೆಲವು ಮೈಲಿಗಳ ದೂರದ ಆದಿಉಡುಪಿಯಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪ್ರಾಂಗಣವು ಏರ್ಪಟ್ಟಿದೆ. ಅದರ ಉದ್ದೇಶವನ್ನೂ ಉಪಯೋಗವನ್ನೂ ಪ್ರತಿಯೊಬ್ಬ ಹಿಡುವಳಿದಾರನೂ ತಿಳಿದಿರತಕ್ಕದ್ದು.

1. ಪೂರ್ವವೃತ್ತಾಂತ

ಹಿಂದೆ ಪೇಟೆಗಳಲ್ಲಿ ವರ್ತಕನೂ ದಳ್ಳಾಳಿಯೂ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಧಾರಣೆಯನ್ನು ಗೊತ್ತುಮಾಡುವ ಪದ್ಧತಿಯಿತ್ತು. ಮಾಲಿನ ಒಡೆಯನಾದ ರೈತನು ಪಕ್ಕದಲ್ಲಿಯೇ ನಿಂತಿದ್ದರೂ ತನ್ನ ಮಾಲಿನ ಬೆಲೆ ಅವನಿಗೆ ತಿಳಿಯುತ್ತಿರಲಿಲ್ಲ. ಈ ಬಗೆಯ ದೋಷಗಳನ್ನು ತಡೆಯುವುದಕ್ಕಾಗಿ ಸರ್ಕಾರದ ಹತೋಟಿಗೊಳಪಟ್ಟ ಪೇಟೆಗಳು ಹುಟ್ಟಿದವು. ಬೀರಾರಿನ ಕಾರಂಜದಲ್ಲಿ 1886ರಲ್ಲಿ ಹತ್ತಿಗಾಗಿ ಇಂತಹ ಪೇಟೆಯು ಸ್ಥಾಪಿತವಾಯಿತು. ಇವು ಎಲ್ಲೆಡೆಯೂ ಆಗಬೇಕೆಂದು 1928ರಲ್ಲಿ ವ್ಯವಸಾಯದ ರಾಯಲ್ ಕಮಿಷನ್ನು ಸಲಹೆಯಿತ್ತಿತು. ಮದರಾಸು ಆಧಿಪತ್ಯದಲ್ಲಿ 1933ರಲ್ಲಿಯೂ ಮೈಸೂರು ಸಂಸ್ಥಾನದಲ್ಲಿ 1939ರಲ್ಲಿಯೂ ಇದಕ್ಕಾಗಿ ಶಾಸನಗಳಾದವು. ದಕ್ಷಿಣ ಕನ್ನಡವು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ತರುವಾಯ, 1966ರ ಶಾಸನದಿಂದ ರಾಜ್ಯಕ್ಕೆಲ್ಲ ಒಂದೇ ಕ್ರಮ ಬಂದಿತು.

2. ಪ್ರಾಂಗಣದ ಕ್ರಮ

ಇಂತಹ ಪೇಟೆಯನ್ನು ನಡೆಸುವ ಸಮಿತಿಯಲ್ಲಿ ರೈತರಿಂದ ಚುನಾಯಿತರಾದವರೂ ವರ್ತಕರ ಪ್ರತಿನಿಧಿಗಳೂ ಇರುತ್ತಾರೆ. ವರ್ತಕರಿಗೂ ದಳ್ಳಾಳಿಗಳಿಗೂ ಲೈಸೆನ್ಸು ಕಡ್ಡಾಯ. ಮಾರಾಟವು ಬಹಿರಂಗ ಹರಾಜಿನಿಂದಲೋ ಟೆಂಡರಿನಿಂದಲೋ ಆಗಬೇಕು. ತೂಕವು ಮುದ್ರೆಯೊತ್ತಿದ ತಕ್ಕಡಿಯಲ್ಲಿ, ಮಾರುವವನ ಕಣ್ಣೆದುರಿಗೆ ನಡೆಯಬೇಕು. ಮುಖ್ಯವಾಗಿ, ಪೇಟೆಯ ಶುಲ್ಕವನ್ನೂ ದಳ್ಳಾಳಿಯ ಕಮಿಷನ್ನನ್ನೂ ಕೊಡತಕ್ಕವನು ಕೊಳ್ಳುವವನೇ ಹೊರತು ರೈತನಲ್ಲ.

3. ಒಂದು ಲೆಕ್ಕ

ಈ ನಿಯಮಗಳ ಬೆಲೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಬ್ಬ ರೈತನು 50 ಕಿಲೋ ತೂಕದ 10 ಮೂಟೆ ಸೌತೆಕಾಯಿಯನ್ನು ಕಿಲೋವಿಗೆ 20 ರೂಪಾಯಿಯಂತೆ ಮಾರಿದನೆಂದು ಭಾವಿಸೋಣ. ನ್ಯಾಯವಾದ ಬೆಲೆ 10,000 ರೂಪಾಯಿ. ಮೂಟೆಗೆ 2 ಕಿಲೋವಿನಂತೆ ತೂಕದಲ್ಲಿ ಕಳೆದರೆ 9,600 ಉಳಿಯಿತು. ಅದರಲ್ಲಿ ನೂರಕ್ಕೆ ಹತ್ತರಂತೆ ಕಮಿಷನ್ನು ಹಿಡಿದರೆ 8,640. ಹಮಾಲಿ ಕೂಲಿ 140 ಹೋದರೆ ಕೈಗೆ ಬಂದದ್ದು 8,500. ಇದರಲ್ಲಿ ಕೂಲಿಯು ದುಡಿದವನಿಗೆ ಸಲ್ಲತಕ್ಕದ್ದೇ ಸರಿ; ಮಿಕ್ಕ 1,360 ರೂಪಾಯಿಗಳನ್ನು ರೈತನು ಕಾರಣವಿಲ್ಲದೆ ಬಿಟ್ಟುಕೊಟ್ಟಂತಾಯಿತು. ಒಂದು ಫಸಲಿನಲ್ಲಿ ಹತ್ತು ಸಲ ಹೀಗಾದರೆ ನಷ್ಟವು 13,600 ರೂಪಾಯಿ. ಬೀಜ, ಗೊಬ್ಬರಗಳಿಗಾಗಿ ಸಾಲ ಮಾಡುವವನು ಈ ಮೊತ್ತವನ್ನು ಅಲ್ಪವೆಂದು ಎಣಿಸಲಾರನು.

4. ನೆರೆಹೊರೆಯ ದೃಷ್ಟಾಂತಗಳು

ಧಾರಣೆಯು ಬಹಿರಂಗವಾಗಿದ್ದರೆ ಸಣ್ಣ ಹಿಡುವಳಿದಾರನಿಗೂ ಬಲ ಬರುತ್ತದೆಂಬುದಕ್ಕೆ ಶಂಕರಪುರದ ಮಲ್ಲಿಗೆಯೇ ಸಾಕ್ಷಿ. ಅಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಅಳತೆಯು ಎಲ್ಲರಿಗೂ ಗೊತ್ತು. ಆಯಾ ದಿನದ ಧಾರಣೆಯೂ ಎಲ್ಲರಿಗೂ ತಿಳಿಯುತ್ತದೆ. ಮಟ್ಟುವಿನ ಬೆಳೆಗಾರರು ಸಂಘವನ್ನು ಕಟ್ಟಿಕೊಂಡು ತಮ್ಮ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನು ಪಡೆದರು. ಅಡಿಕೆಯ ಧಾರಣೆ ಕುಸಿದಾಗ ಬೆಳೆಗಾರರು ಒಂದುಗೂಡಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯನ್ನು ಸ್ಥಾಪಿಸಿದರು. ಬಿಡಿಬಿಡಿಯಾಗಿ ದೊರೆಯದ ಬೆಲೆಯು ಕೂಡಿದಾಗ ದೊರೆಯುವುದೆಂಬುದೇ ಇವುಗಳ ಪಾಠ.

5. ಪ್ರಾಂಗಣವು ಬಾಳುವ ಬಗೆ

ಕಟ್ಟಡ, ಉಗ್ರಾಣ, ತಕ್ಕಡಿಗಳಿಂದ ಮಾತ್ರ ಪೇಟೆಯಾಗದು. ಮಾಲು ಹೆಚ್ಚಾಗಿ ಬಂದರೆ ಕೊಳ್ಳುವವರು ಹೆಚ್ಚುವರು. ಕೊಳ್ಳುವವರು ಹೆಚ್ಚಿದರೆ ಧಾರಣೆ ಏರುವುದು. ಘಟ್ಟದ ಮೇಲಿನ ತರಕಾರಿಯು ಲಾರಿಗಳಲ್ಲಿ ಬಂದಿಳಿಯುವಾಗ ಊರಿನ ರೈತನೊಬ್ಬನು ಎರಡು ಬುಟ್ಟಿ ಹೊತ್ತುಬಂದರೆ ಅವನನ್ನು ಕೇಳುವವರು ವಿರಳ. 2014ರಿಂದ ರಾಜ್ಯದಲ್ಲಿ ಏಕೀಕೃತ ವಿದ್ಯುನ್ಮಾನ ಮಾರುಕಟ್ಟೆಯೂ 2016ರಿಂದ ದೇಶಕ್ಕೆಲ್ಲ ಇ-ನಾಮ್ ವ್ಯವಸ್ಥೆಯೂ ಬಂದು, ದೂರದ ವರ್ತಕನೂ ಬೆಲೆ ಕೂಗಲು ಅವಕಾಶವಾಯಿತು. ಆದರೆ ವಿಂಗಡಿಸದ ಮಾಲನ್ನು ಕಾಣದೆ ಕೊಳ್ಳಲು ಯಾರೂ ಒಪ್ಪರು. 2020ರ ತಿದ್ದುಪಡಿಯು ಸಮಿತಿಯ ಹತೋಟಿಯನ್ನು ಪ್ರಾಂಗಣದೊಳಕ್ಕೆ ಸೀಮಿತಗೊಳಿಸಿತು. ಶಾಸನವು ಹೇಗೇ ಇದ್ದರೂ, ಹೊರಗಿನ ವರ್ತಕನು ಒಳ್ಳೆಯ ಬೆಲೆ ಹೇಳುವುದು ಪ್ರಾಂಗಣದ ಧಾರಣೆಯು ರೈತನಿಗೆ ತಿಳಿದಿರುವ ತನಕ ಮಾತ್ರ.

6. ಮಾಡತಕ್ಕ ಕಾರ್ಯಗಳು

(ಅ) ಮಾರುವ ಮುಂಚೆ ಆ ದಿನದ ಧಾರಣೆಯನ್ನು ವಿಚಾರಿಸತಕ್ಕದ್ದು.

(ಆ) ಮಾಲನ್ನು ಗಾತ್ರಕ್ಕೂ ಗುಣಕ್ಕೂ ತಕ್ಕಂತೆ ಮನೆಯಲ್ಲಿಯೇ ವಿಂಗಡಿಸತಕ್ಕದ್ದು. ಕೊಳೆತ ಒಂದು ಕಾಯಿಯು ಇಡೀ ಮೂಟೆಯ ಬೆಲೆಯನ್ನು ಇಳಿಸುತ್ತದೆ.

(ಇ) ತೂಕದ ಹೊತ್ತಿಗೆ ತಕ್ಕಡಿಯ ಬಳಿಯಲ್ಲಿಯೇ ನಿಲ್ಲತಕ್ಕದ್ದು.

(ಈ) ತೂಕ, ದರ, ಕಡಿತಗಳನ್ನು ಬರೆದ ಲೆಕ್ಕಚೀಟಿಯಿಲ್ಲದೆ ಹಣವನ್ನು ತೆಗೆದುಕೊಳ್ಳಬಾರದು.

(ಉ) ಕಮಿಷನ್ನನ್ನು ಹಿಡಿದಿದ್ದರೆ ಆ ಚೀಟಿಯೊಡನೆ ಸಮಿತಿಯ ಕಾರ್ಯದರ್ಶಿಗೆ ಬರಹದಲ್ಲಿ ದೂರು ಕೊಡತಕ್ಕದ್ದು.

ಊರಿನ ಮುಖಂಡರಿಗೆ ಒಂದು ವಿಶೇಷ ಕರ್ತವ್ಯವಿದೆ. ಎಂಟು ಹತ್ತು ಮನೆಗಳ ಮಾಲನ್ನು ಒಂದೇ ವಾಹನದಲ್ಲಿ ಕಳುಹಿಸುವ ಏರ್ಪಾಡನ್ನು ಅವರು ಮಾಡಿದರೆ ಸಾಗಣೆಯ ವೆಚ್ಚವು ಹಂಚಿಹೋಗುವುದು. ಜೊತೆಗೆ ಹೋದ ಇಬ್ಬರು ಎಲ್ಲರ ತೂಕವನ್ನೂ ನೋಡಿಕೊಳ್ಳಬಹುದು. ಸಮಿತಿಯ ಚುನಾವಣೆಯಲ್ಲಿ ಬೇಸಾಯವನ್ನು ಬಲ್ಲವರನ್ನು ಆರಿಸುವುದೂ ಅವರ ಹೊಣೆಯೇ. ಸರ್ಕಾರವು ಪೇಟೆಯನ್ನು ಕಟ್ಟಿಕೊಡಬಲ್ಲುದು. ಅದನ್ನು ತಮ್ಮದಾಗಿ ಮಾಡಿಕೊಳ್ಳುವುದು ರೈತರ ಕೈಯಲ್ಲಿದೆ.